ಖ್ಯಾತಿಯ ಹಸಿರು, ವ್ರತದ ಹಸಿರು

ಪರಿಸರದ ಬಗೆಗೆ ಮಾತನಾಡುವ ಖ್ಯಾತನಾಮರು ಇಂದು ವಿರಳರಲ್ಲ. ಪ್ರತಿವರ್ಷ ಜೂನ್ 5ರಂದು ನಟರೂ ಕ್ರೀಡಾಪಟುಗಳೂ ಸಸಿ ನೆಡುವ ಛಾಯಾಚಿತ್ರಗಳು ಪತ್ರಿಕೆಗಳನ್ನು ತುಂಬುತ್ತವೆ. ಇವರಲ್ಲಿ ಯಾರದು ಆಚರಣೆ, ಯಾರದು ಪ್ರದರ್ಶನ ಎಂದು ತಿಳಿಯುವ ಅಳತೆಗೋಲು ಯಾವುದು? ಅದು ನಮ್ಮ ಶ್ರಾವಕಾಚಾರದಲ್ಲಿಯೇ ಇದೆ.

ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರಗಳನ್ನು ಕಡಿಯುವುದು ಇವೆಲ್ಲವನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ವ್ಯರ್ಥವಾಗಿ ಅಲೆಯುವುದು, ಇತರರನ್ನು ಅಲೆಸುವುದು ಕೂಡ ಅಲ್ಲಿ ದೋಷವೇ. ಭೋಗೋಪಭೋಗ ಪರಿಮಾಣವ್ರತವಂತೂ ಬಳಕೆಗೆ ಮಿತಿಯನ್ನೇ ಕೇಳುತ್ತದೆ. ಆದುದರಿಂದ ಪರಿಸರಪ್ರೇಮಿಯ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಆತ ಏನನ್ನು ಬಿಟ್ಟಿದ್ದಾನೆ, ಎಷ್ಟು ಕಾಲ ಬಿಟ್ಟಿದ್ದಾನೆ?

ಈ ಪ್ರಶ್ನೆಯನ್ನು ಹಿಡಿದು ಗೋಣಿಕೊಪ್ಪಲಿನಿಂದ ಪೊನ್ನಂಪೇಟೆಯನ್ನು ದಾಟಿ ದಕ್ಷಿಣಕ್ಕೆ, ಬ್ರಹ್ಮಗಿರಿಯ ಮಗ್ಗುಲಿನ ತೆರಾಲು ಗ್ರಾಮದತ್ತ ನೋಡೋಣ. ಅನಿಲ್ ಮತ್ತು ಪಮೇಲಾ ಮಲ್ಹೋತ್ರ ದಂಪತಿಗಳು 1991ರಲ್ಲಿ ಇಲ್ಲಿ 55 ಎಕರೆ ಭೂಮಿಯನ್ನು ಕೊಂಡರು. ಮುಂದೆ ಕೃಷಿ ಕೈಬಿಟ್ಟ ನೆರೆಯವರ ಭೂಮಿಯೂ ಸೇರಿ ಅದು ಸುಮಾರು 300 ಎಕರೆಗಳಾಯಿತು. ಕಾಫಿ, ಏಲಕ್ಕಿಗಳ ನಾಡಿನಲ್ಲಿ ಭೂಮಿಯನ್ನು ಕೊಂಡವರು ಬೆಳೆ ತೆಗೆಯುವುದು ವಾಡಿಕೆ. ಇವರು ಕಾಡನ್ನು ಕಾಡಾಗಿಯೇ ಬಿಟ್ಟರು. ಆನೆ, ಹುಲಿಗಳು ಅಲ್ಲಿ ಸಂಚರಿಸಿದವು. ಪಮೇಲಾ ಅವರಿಗೆ ರಾಷ್ಟ್ರಪತಿಗಳಿಂದ ನಾರೀಶಕ್ತಿ ಪುರಸ್ಕಾರ ದೊರೆತದ್ದು 2017ರಲ್ಲಿ. ಆ ವೇಳೆಗೆ ಕಾಲು ಶತಮಾನ ಕಳೆದಿತ್ತು. ಅನಿಲ್ ಅವರು 2021ರಲ್ಲಿ ನಿಧನರಾದರು.

ಅಪರಿಗ್ರಹವನ್ನು ಬಲ್ಲ ಓದುಗರು ಇಲ್ಲಿ ಆಕ್ಷೇಪಿಸಬಹುದು: 300 ಎಕರೆಗಳ ಒಡೆತನ ಪರಿಗ್ರಹವಲ್ಲವೆ? ತತ್ತ್ವಾರ್ಥಸೂತ್ರಕಾರರು ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನ ಮೇಲಣ ಮೂರ್ಛೆಯಲ್ಲಿ. ಒಡೆತನವಿದ್ದೂ ಭೋಗವಿಲ್ಲದ ಭೂಮಿ ದಾನಕ್ಕೆ ಹತ್ತಿರವಾದುದು. ಈ ನಾಡಿಗೆ ಅದು ಹೊಸತೂ ಅಲ್ಲ. ಕ್ರಿ.ಶ. 888ರ ಬಿಳಿಯೂರು ಶಾಸನವು ಗಂಗ ದೊರೆಯು ಸತ್ಯವಾಕ್ಯ ಜಿನಾಲಯಕ್ಕೆ ಭೂದತ್ತಿ ಬಿಟ್ಟುದನ್ನು ಹೇಳುತ್ತದೆ. ಅಂದು ಭೂಮಿಯನ್ನು ಜಿನಾಲಯಕ್ಕೆ ಬಿಟ್ಟರು. ಇಲ್ಲಿ ಅದನ್ನು ಜೀವರಾಶಿಗೆ ಬಿಡಲಾಯಿತು.

ಒಡೆತನವೇ ಇಲ್ಲದವರ ನಿದರ್ಶನವೂ ನಮ್ಮ ಮುಂದಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ತಿಮ್ಮಕ್ಕನವರು ಕೂಲಿ ಮಾಡಿ ಬದುಕಿದವರು. ಪತಿ ಚಿಕ್ಕಯ್ಯನವರೊಡನೆ ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ, 385 ಮರಗಳನ್ನು ಬೆಳೆಸಿದರು. ನೆಲ ಅವರದಲ್ಲ, ನೆರಳೂ ಅವರದಲ್ಲ. ಪದ್ಮಶ್ರೀ ಬಂದದ್ದು 2019ರಲ್ಲಿ. ಅದೇ ವರ್ಷ ರಸ್ತೆ ವಿಸ್ತರಣೆಯಿಂದ ಆ ಮರಗಳಿಗೆ ಕುತ್ತು ಬಂದಾಗ ಅವರು ಅವುಗಳ ರಕ್ಷಣೆಗಾಗಿ ಸರ್ಕಾರಕ್ಕೆ ಮೊರೆಯಿಟ್ಟರು. ಬಂದ ಖ್ಯಾತಿಯನ್ನು ಮರಗಳಿಗಾಗಿಯೇ ವಿನಿಯೋಗಿಸಿದರೆಂಬುದು ಗಮನಾರ್ಹ. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆಲದ ಸಾಲು ಉಳಿದಿದೆ.

ಇವರೆಲ್ಲರೂ ಆಚರಣೆಯಿಂದ ಖ್ಯಾತಿಯನ್ನು ಪಡೆದವರು. ಖ್ಯಾತಿ ಮೊದಲೇ ಇದ್ದವರನ್ನು ಹೇಗೆ ಅಳೆಯುವುದು? 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ಪಾತ್ರವನ್ನು ಬದಿಗಿಟ್ಟು ತಾವಾಗಿಯೇ ಕರ್ನಾಟಕದ ಕಾಡುಗಳಲ್ಲಿ ನಡೆದರು. ಅಪಾರ ಜನರ ದೃಷ್ಟಿಯನ್ನು ಅರಣ್ಯದತ್ತ ತಿರುಗಿಸಿದ ಆ ಕಾರ್ಯವನ್ನು ನಮ್ಮ ಪರಿಭಾಷೆಯಲ್ಲಿ ಪ್ರಭಾವನೆ ಎನ್ನಬಹುದು. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಅದೂ ಒಂದು; ಕಿರಿದೆಂದು ಎಣಿಸುವಂತಿಲ್ಲ. ಆದರೆ ಪ್ರಭಾವನೆಯೇ ವ್ರತವಲ್ಲ. ನೋಡಿ ಮೆಚ್ಚಿದವನು ಮನೆಗೆ ಬಂದು ಏನನ್ನು ಕಡಿಮೆ ಮಾಡಿಕೊಂಡನು ಎಂಬಲ್ಲಿಯೇ ಅದರ ಫಲವಿದೆ.

ಪೂರ್ಣಚಂದ್ರ ತೇಜಸ್ವಿಯವರದು ಇನ್ನೂ ಕಠಿಣವಾದ ಪ್ರಕರಣ. ಕುವೆಂಪು ಅವರ ಮಗನಾಗಿ ನಗರದಲ್ಲಿ ದೊರೆಯಬಹುದಾಗಿದ್ದ ಸ್ಥಾನಮಾನಗಳನ್ನು ಬಿಟ್ಟು ಮೂಡಿಗೆರೆಯಲ್ಲಿ ನೆಲೆಸಿದರು. 2007ರಲ್ಲಿ ಕೊನೆಯುಸಿರೆಳೆಯುವವರೆಗೂ ವೇದಿಕೆಗಿಂತ ಹಕ್ಕಿ, ಕೀಟ, ಕೆರೆಗಳ ಸಂಗವನ್ನೇ ಬಯಸಿದರು. ‘ಪರಿಸರದ ಕತೆ’ಯನ್ನು ಓದಿ ಜೀವಜಾಲದ ಪರಸ್ಪರಾವಲಂಬನೆಯನ್ನು ಕಂಡುಕೊಂಡ ಕನ್ನಡಿಗರು ಅಸಂಖ್ಯ. ಆದರೆ ಅವರು ಗಾಳ ಹಾಕಿ ಮೀನು ಹಿಡಿಯುತ್ತಿದ್ದರು. ಅದನ್ನು ಉತ್ಸಾಹದಿಂದ ಬರೆದೂ ಇದ್ದಾರೆ. ಕೃಷಿಯಲ್ಲಿ ಒದಗುವ ಆರಂಭೀ ಹಿಂಸೆಗೆ ಗೃಹಸ್ಥನಿಗೆ ವಿನಾಯಿತಿಯುಂಟು. ಹವ್ಯಾಸಕ್ಕಾಗಿ ಮಾಡುವ ಹಿಂಸೆ ಸಂಕಲ್ಪೀ ಹಿಂಸೆ. ಅದನ್ನು ನಾವು ಒಪ್ಪಲಾರೆವು. ಅನೇಕಾಂತದ ಹೆಸರಿನಲ್ಲಿ ಇದನ್ನು ಮುಚ್ಚುವುದೂ ಸರಿಯಲ್ಲ, ಈ ಒಂದು ಕಾರಣಕ್ಕೆ ಅವರ ಸರಳ ಬದುಕನ್ನು ತಳ್ಳಿಹಾಕುವುದೂ ಸರಿಯಲ್ಲ. ಗುಣವಿದ್ದಲ್ಲಿ ಪ್ರಮೋದ, ದೋಷವಿದ್ದಲ್ಲಿ ಸ್ಪಷ್ಟ ನುಡಿ, ಎರಡೂ ವಿಮರ್ಶಕನ ಕರ್ತವ್ಯ. ತಮ್ಮ ಬದುಕನ್ನು ಇದ್ದಂತೆಯೇ ಬರೆದು ಓದುಗನ ಮುಂದಿಟ್ಟ ಪ್ರಾಮಾಣಿಕತೆ ಅವರದು. ಇಂದಿನ ಎಷ್ಟು ಮಂದಿ ಹಸಿರು ತಾರೆಯರಲ್ಲಿ ಅದನ್ನು ಕಾಣಬಲ್ಲೆವು?

ಅನ್ಯರನ್ನು ಅಳೆದ ಕೋಲಿನಿಂದಲೇ ನಮ್ಮನ್ನೂ ಅಳೆದುಕೊಳ್ಳಬೇಕು. ನಮ್ಮ ಬಸದಿಗಳ ಟ್ರಸ್ಟ್‌ಗಳು ಉತ್ಸವಗಳಿಗೆ ಪ್ರಸಿದ್ಧರನ್ನು ದೂರದಿಂದ ಕರೆಸಿ ಸಸಿ ನೆಡಿಸುತ್ತವೆ. ಸಸಿಯ ಹಿಂದೆ ಅತಿಥಿಯ ಭಾವಚಿತ್ರವಿರುವ ಫ್ಲೆಕ್ಸ್, ಮುಂದೆ ಪ್ಲಾಸ್ಟಿಕ್ ಬಾಟಲಿಗಳ ಸಾಲು. ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಲೋಟಗಳನ್ನು ನಿಷೇಧಿಸಿದ್ದು 2016ರಲ್ಲಿ. ನಮಗೆ ಆ ಆಜ್ಞೆಯ ಅಗತ್ಯವೇ ಇರಬಾರದಾಗಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸುತ್ತಿದ್ದವರ ಸಂತತಿ ನಾವು. ಆ ನಾವೇ ಒಂದು ಗುಟುಕು ಕುಡಿದು ಬಾಟಲಿಯನ್ನು ಎಸೆಯುತ್ತೇವೆ. ಗೋಣಿಕೊಪ್ಪಲಿನ ಕೀರೆಹೊಳೆಯಂತಹ ಊರ ಹೊಳೆಗಳು ಅದರ ಭಾರವನ್ನು ಹೊರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದು ಜನ ಮನೆಮಾರು ಕಳೆದುಕೊಂಡ ಈ ಜಿಲ್ಲೆಯಲ್ಲಿ ಇದು ಅಲಂಕಾರದ ಮಾತಲ್ಲ.

ಆದುದರಿಂದ ಟ್ರಸ್ಟ್‌ಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಪರ್ವದಲ್ಲಿ ಅತಿಥಿಯನ್ನು ಆರಿಸುವ ಮುನ್ನ ಆತ ಏನನ್ನು ಬಿಟ್ಟಿದ್ದಾನೆಂದು ವಿಚಾರಿಸಿರಿ. ಅತಿಥಿಯನ್ನು ಕರೆಯುವ ಮುನ್ನ ನಾವು ಏನನ್ನು ಬಿಡುತ್ತೇವೆಂದು ನಿರ್ಧರಿಸಿರಿ. ಹಿಂದಿನ ವರ್ಷ ನೆಟ್ಟ ಸಸಿ ಬದುಕಿದ್ದರೆ ಮಾತ್ರ ಹೊಸ ಸಸಿಯನ್ನು ನೆಡಿರಿ. ಸಸಿಗೆ ನೀರೆರೆಯುವವನ ಹೆಸರು ಪತ್ರಿಕೆಯಲ್ಲಿ ಬಾರದಿದ್ದರೂ ಚಿಂತೆಯಿಲ್ಲ. ತಿಮ್ಮಕ್ಕನವರು ಕೊಡ ಹೊತ್ತು ನಡೆದ ಆ ವರ್ಷಗಳಲ್ಲಿ ಅವರ ಹೆಸರೂ ಎಲ್ಲಿಯೂ ಬಂದಿರಲಿಲ್ಲ.