ನಂಬಿದವರು ಕೈಬಿಟ್ಟಾಗ

ಹಗೆಯವನ ಪೆಟ್ಟಿಗೆ ಎದೆಗೊಟ್ಟು ನಿಲ್ಲಬಹುದು. ಒಡನುಂಡವನ ಪೆಟ್ಟನ್ನು ತಾಳಿಕೊಳ್ಳುವುದು ಹೇಗೆ? ಉಂಡ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಹಿರಿಯರು ಹೇಳಿದ್ದು ದ್ರೋಹ ಮಾಡುವವನಿಗೆ. ದ್ರೋಹಕ್ಕೆ ಗುರಿಯಾದವನಿಗೆ ಹೇಳುವ ಮಾತೇನು? ಯೇಸುವಿನ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ಓದಿದರೆ ಕನ್ನಡ ಕಾವ್ಯದ ಒಂದು ಸಾಧನೆಯೂ ಒಂದು ಮಿತಿಯೂ ಕಣ್ಣಿಗೆ ಬೀಳುತ್ತವೆ.

ಕಿಟೆಲ್ಲರು 1862ರಲ್ಲಿ ‘ಕಥಾಮಾಲೆ’ಯ ಮೂಲಕ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿದರು. 1930ರ ದಶಕದಲ್ಲಿ ಮಂಜೇಶ್ವರದ ಗೋವಿಂದ ಪೈಗಳು, ತಾವು ಕ್ರೈಸ್ತರಲ್ಲದಿದ್ದರೂ, ‘ಗೊಲ್ಗೊಥಾ’ ಖಂಡಕಾವ್ಯದಲ್ಲಿ ಅದನ್ನು ಕನ್ನಡದ ಆಸ್ತಿಯಾಗಿಸಿದರು. ಮುಂದೆ ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನು ಹಾಡಿದ ಕವಿಗೆ ಇಲ್ಲಿ ಯೇಸುವಿನ ಕಡೆಯ ದಿನವೇ ಚೌಕಟ್ಟು. ಕಾವ್ಯದ ಬಿಗಿಗೆ ಅದು ಒಪ್ಪುವ ಆಯ್ಕೆಯೇ ಸರಿ. ಆದರೆ ಶಿಲುಬೆಯ ದಿನವೇ ಎಲ್ಲೆಯಾದಾಗ, ತನ್ನವರಿಂದ ನೊಂದ ವಾಚಕನಿಗೆ ಬೇಕಾದ ಅಧ್ಯಾಯ ಅದರ ಆಚೆಗೆ ಉಳಿಯುತ್ತದೆ.

ಆ ಅಧ್ಯಾಯವಿರುವುದು ಯೋಹಾನನ ಸುವಾರ್ತೆಯ ಕೊನೆಯಲ್ಲಿ. ಬಂಧನದ ರಾತ್ರಿ ಪೇತ್ರನು ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತ ಗುರುವನ್ನು ಮೂರು ಸಲ ಅಲ್ಲಗಳೆದ. ಪುನರುತ್ಥಾನದ ತರುವಾಯ ತಿಬೇರಿಯದ ದಡದಲ್ಲಿ ಯೇಸು ಮೀನು ಸುಟ್ಟು ಅವನನ್ನು ಉಣ್ಣಲು ಕರೆದಾಗಲೂ ಉರಿಯುತ್ತಿದ್ದುದು ಇದ್ದಲಿನ ಬೆಂಕಿಯೇ. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಪ್ರೀತಿಸುತ್ತೀಯಾ ಎಂಬ ಪ್ರಶ್ನೆಯೂ ಮೂರು ಸಲ. ಮೂರನೆಯ ಸಲ ಪೇತ್ರನಿಗೆ ನೋವಾಗುತ್ತದೆ. ಯೇಸು ಹಳೆಯದನ್ನು ಎತ್ತಿ ಆಡುವುದಿಲ್ಲ; ಏನೂ ನಡೆದಿಲ್ಲವೆಂದು ನಟಿಸುವುದೂ ಇಲ್ಲ. ಗಾಯದ ಜಾಗಕ್ಕೇ ಕೈಯಿಟ್ಟು, ಆಮೇಲೆ ಕುರಿ ಕಾಯುವ ಹೊಣೆಯನ್ನು ಒಪ್ಪಿಸುತ್ತಾನೆ.

ಆದಿಕಾಂಡದ ಯೋಸೇಫನ ನಡೆಯೂ ಇಂಥದೇ. ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ತನ್ನನ್ನು ಮಾರಿದ ಅಣ್ಣಂದಿರು ಬರಗಾಲದಲ್ಲಿ ಧಾನ್ಯಕ್ಕಾಗಿ ಬಂದಾಗ ಅವನು ಒಡನೆಯೇ ಅಪ್ಪಿಕೊಳ್ಳಲಿಲ್ಲ, ಪರೀಕ್ಷಿಸಿದ. ಅಂದು ಮಾರಿಬಿಡೋಣವೆಂದ ಯೆಹೂದನೇ ಇಂದು ಕಿರಿಯ ತಮ್ಮನಿಗೆ ಬದಲಾಗಿ ತಾನು ದಾಸನಾಗುತ್ತೇನೆಂದಾಗ ಯೋಸೇಫನ ಅಳು ಕಟ್ಟೆಯೊಡೆಯಿತು.

ಕ್ಷಮೆ ಬೇರೆ, ವಿಶ್ವಾಸ ಬೇರೆ ಎಂಬುದು ಇದರಿಂದ ಸ್ಪಷ್ಟ. ಕ್ಷಮೆಯನ್ನು ನೊಂದವನೊಬ್ಬನೇ ಕೊಡಬಲ್ಲ. ವಿಶ್ವಾಸವನ್ನು ನೋಯಿಸಿದವನು ಮರಳಿ ಗಳಿಸಬೇಕು. ಗಂಡನಿಂದ ವಂಚಿತಳಾದ ಹೆಂಡತಿಗೆ, ಪಾಲಿನಲ್ಲಿ ಅಣ್ಣನಿಂದ ಮೋಸಹೋದ ತಮ್ಮನಿಗೆ, ಸಹಿಸಿಕೊಂಡು ಸುಮ್ಮನಿರು ಎನ್ನುವ ಉಪದೇಶಕರು ಈ ಭೇದವನ್ನು ಮರೆಯುತ್ತಾರೆ. ತಪ್ಪಿದ ಸಹೋದರನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂಬುದು ಲೂಕನ ಸುವಾರ್ತೆಯ ಕ್ರಮ.

ಎಲ್ಲ ದ್ರೋಹಕ್ಕೂ ದಡದ ಬೆಳಗು ಲಭಿಸುವುದಿಲ್ಲ, ನಿಜ. ಯೂದನೂ ಪಶ್ಚಾತ್ತಾಪಪಟ್ಟ, ಮೂವತ್ತು ಬೆಳ್ಳಿಯನ್ನು ದೇವಾಲಯದಲ್ಲಿ ಎಸೆದ. ಆದರೆ ಅವನು ಹೋದದ್ದು ಕೊಂಡವರ ಬಳಿಗೆ. ಅವರು ನಮಗೇನೆಂದು ಕೈತೊಳೆದುಕೊಂಡರು. ಸುವಾರ್ತೆ ಈ ದುರಂತಕ್ಕೆ ಸಮಾಧಾನದ ಮುಲಾಮು ಹಚ್ಚುವುದಿಲ್ಲ.

ಹಾಗಾದರೆ ನೊಂದವನು ತನ್ನ ನೋವನ್ನು ಏನು ಮಾಡಬೇಕು? ಗೋಕಾವಿ ಸೀಮೆಯವರಿಗೆ ಪರಿಚಿತವಾದ ಒಂದು ಹೋಲಿಕೆ ಕೊಡಬಹುದು. ಧುಪದಾಳದಲ್ಲಿ ಘಟಪ್ರಭೆಗೆ ಹಾಕಿದ ಒಡ್ಡು ಹೊಳೆಯನ್ನು ಬತ್ತಿಸುವುದಿಲ್ಲ. ನೀರನ್ನು ಎತ್ತರಿಸಿ ಕಾಲುವೆಗೆ ತಿರುಗಿಸುತ್ತದೆ; ಮಹಾಪೂರ ಬಂದರೆ ಮೇಲೆ ಹರಿಯಗೊಡುತ್ತದೆ. ಕ್ರೈಸ್ತ ಕ್ಷಮೆಯೂ ದುಃಖವನ್ನು ಇಂಗಿಸುವ ಮಂತ್ರವಲ್ಲ. ಅದು ಸೇಡಿನತ್ತ ನುಗ್ಗದಂತೆ ಹೊಲದತ್ತ ತಿರುಗಿಸುವ ದುಡಿಮೆ. ‘ಗೊಲ್ಗೊಥಾ’ ಓದಿದ ಸಹೃದಯರು ಯೋಹಾನನ ಆ ಕಡೆಯ ಅಧ್ಯಾಯವನ್ನೂ ಜೊತೆಗಿರಿಸಿ ಓದಬೇಕು.