ಮಳೆಗಾಲದ ಪ್ಯಾಕೆಟ್‌ಗಳು

ಹಕ್ಕಿ ನೋಡುವವರು ಮಳೆಗಾಲದಲ್ಲಿ ದುರ್ಬೀನು ಒರೆಸಿ ಒಳಗಿಡುತ್ತಾರೆ. ಇಂಟರ್ನೆಟ್ಟಿನಲ್ಲಿ ಓಡಾಡುವ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ನೋಡುವ ನಮ್ಮಂಥವರಿಗೆ ಸುಗ್ಗಿ ಶುರುವಾಗುವುದೇ ಆಗ. ಬೇಸಿಗೆಯಲ್ಲಿ ಆನಂದಪುರದಿಂದ ಬೆಂಗಳೂರಿಗೆ ಪಿಂಗ್ ಹೊಡೆದು, ಅಂದರೆ ಉತ್ತರ ಬೇಡುವ ನಂಬರು ಹಾಕಿದ ಪ್ಯಾಕೆಟ್ ಒಂದೊಂದೇ ಕಳಿಸುತ್ತ, ಕೂತರೆ ಉತ್ತರಗಳು ತಪ್ಪದೆ ಬಂದು ತೂಕಡಿಕೆ ಹತ್ತುತ್ತದೆ. ಆಷಾಢ ಹಿಡಿಯಲಿ, ಅದೇ ಪರದೆಯ ಮೇಲೆ 41, 42, 44 ಎಂದು ಅಂಕೆಗಳು ಓಡುತ್ತವೆ. 43 ಆಯನೂರಿನ ಆಚೆಗೋ ಈಚೆಗೋ ಎಲ್ಲೋ ಬಿತ್ತು. ಅದನ್ನು ಯಾರೂ ಹುಡುಕಲು ಹೋಗುವುದಿಲ್ಲ.

ಹುಡುಕದೆ ಇರುವುದು ಯಾರ ಉದಾಸೀನವೂ ಅಲ್ಲ, ಇಂಟರ್ನೆಟ್ಟಿನ ವ್ಯವಸ್ಥೆಯೇ ಹಾಗಿದೆ. ಲೈನು ಯಾವತ್ತೂ "ತಲುಪಿಸುತ್ತೇನೆ" ಎಂದು ಮಾತು ಕೊಟ್ಟಿಲ್ಲ. ಶುರುವಿನಲ್ಲಿ ಅಮೆರಿಕದ ಆರ್ಪಾನೆಟ್ ಈ ಜವಾಬ್ದಾರಿಯನ್ನು ಜಾಲದ ತಲೆಗೇ ಕಟ್ಟಿತ್ತು. ಫ್ರಾನ್ಸಿನ ಲೂಯಿ ಪೂಜಾಂ ತಮ್ಮ ಸಿಕ್ಲಾಡ್ ಜಾಲದಲ್ಲಿ ಅದನ್ನು ಬಿಚ್ಚಿ ಎರಡು ತುದಿಯ ಕಂಪ್ಯೂಟರುಗಳ ಮೇಲೆ ಹೊರಿಸಿದರು. ವಿಂಟ್ ಸರ್ಫ್, ಬಾಬ್ ಕಾನ್ ಇಬ್ಬರೂ 1974ರ ಮೇ ತಿಂಗಳ ಲೇಖನದಲ್ಲಿ ಇದೇ ದಾರಿ ಹಿಡಿದರು. ಅದು ಬೆಳೆದು ಟಿಸಿಪಿ ಎಂಬ ನಿಯಮಾವಳಿ ಆಯಿತು; 1983ರ ಜನವರಿ 1ಕ್ಕೆ ಆರ್ಪಾನೆಟ್ ಪೂರ್ತಿಯಾಗಿ ಅದಕ್ಕೆ ಬದಲಾಯಿತು. ನಡುವಿನ ಪೆಟ್ಟಿಗೆಗಳಿಗೆ ಏನೂ ನೆನಪಿರಬೇಕಿಲ್ಲ, ಬಂದದ್ದನ್ನು ಮುಂದೆ ತಳ್ಳಿದರೆ ಸಾಕು, ಕೈಲಾಗದಿದ್ದರೆ ಬಿಸಾಡಲಿ. ನನ್ನ ಕೇಳಿದರೆ ಮಲೆನಾಡಿಗೆಂದೇ ಮಾಡಿಸಿದ ಏರ್ಪಾಡು ಇದು.

ತುದಿಗಳು ಈ ಕೆಲಸ ಹೇಗೆ ಮಾಡುತ್ತವೆಂದು ಕಣ್ಣಾರೆ ನೋಡಬಹುದು. ವೈರ್‌ಶಾರ್ಕ್ ಎಂಬ ಪುಕ್ಕಟೆ ತಂತ್ರಾಂಶವಿದೆ. ಅದನ್ನು ತೆರೆದಿಟ್ಟು, ಕೊಳೆ ಬಿದ್ದ ಅಡಿಕೆ ಗೊನೆಯ ಫೋಟೊ ಒಂದನ್ನು ಯಾರಿಗಾದರೂ ಮೇಲ್ ಮಾಡಿ. ಮೂರು ಎಂಬಿ ಫೋಟೊ ಸುಮಾರು ಎರಡು ಸಾವಿರ ಪ್ಯಾಕೆಟ್ ಆಗುತ್ತದೆ. ಒಂದೊಂದರಲ್ಲಿ ಹೆಚ್ಚೆಂದರೆ 1,460 ಬೈಟ್. ಟಿಸಿಪಿ ಲೆಕ್ಕ ಇಡುವುದು ಪ್ಯಾಕೆಟ್ಟಿಗಲ್ಲ, ಬೈಟಿಗೆ. ಇಪ್ಪತ್ತು ಪ್ಯಾಕೆಟ್ ಮುಟ್ಟಿದರೆ ಆ ಕಡೆಯವನು "ಇನ್ನು 29,201ನೇ ಬೈಟ್ ಕಳಿಸು" ಅನ್ನುತ್ತಾನೆ. 21ನೆಯದು ಬಿದ್ದುಹೋಗಿ 22 ಬಂತೆನ್ನಿ. ಆಗಲೂ ಅವನದು ಅದೇ ಮಾತು: 29,201. 23 ಬಂದರೂ 29,201. 24 ಬಂದರೂ 29,201. ಹೀಗೆ ಒಂದೇ ಬೇಡಿಕೆ ಮೂರು ಸಲ ಮರುಕಳಿಸಿದ ಕೂಡಲೇ ಈ ಕಡೆಯವನು ಗಡಿಯಾರ ನೋಡದೆ 21ನೆಯದನ್ನು ಮತ್ತೆ ಕಳಿಸುತ್ತಾನೆ. ವೈರ್‌ಶಾರ್ಕ್ ಈ ಸಾಲುಗಳನ್ನು ಕಪ್ಪು ಹಿನ್ನೆಲೆಗೆ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಅದಾದ ಮೇಲೆ ಬೇಡಿಕೆಯ ಸಂಖ್ಯೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ: ತೂತು ಮುಚ್ಚಿತು, ಕಾದಿಟ್ಟುಕೊಂಡಿದ್ದೆಲ್ಲ ಜಮಾ ಆಯಿತು. ಆ ಒಂದು ಜಿಗಿತ ನೋಡಲಿಕ್ಕೆ ನಾನು ಎಷ್ಟೋ ಸಂಜೆ ಕಳೆದಿದ್ದೇನೆ. ಮನೆಯವರಿಗೆ ಇದರಲ್ಲಿ ಏನು ಸೊಗಸೋ ಇನ್ನೂ ಅರ್ಥವಾಗಿಲ್ಲ.

ಕಳೆದದ್ದನ್ನು ಮತ್ತೆ ಕಳಿಸುವುದು ಸುಲಭದ ಭಾಗ. ಎಷ್ಟು ಬೇಗ ಕಳಿಸಬೇಕು ಎಂಬುದರಲ್ಲಿದೆ ಕಷ್ಟ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಅಂದರೆ ನಾನೂರು ಗಜದ ಕೂಗಳತೆಯಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದದ್ದು 40 ಬಿಟ್‌ಗೆ ಇಳಿಯಿತು. ಸೆಕೆಂಡಿಗೆ ಐದು ಅಕ್ಷರ! ತಡವಾದದ್ದನ್ನೂ ಕಳೆದುಹೋಯಿತೆಂದು ಬಗೆದು ಎಲ್ಲರೂ ಮತ್ತೆ ಮತ್ತೆ ಕಳಿಸಿ ಲೈನು ತುಂಬಿಸಿದ್ದರು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪರಿಹಾರ ಬರೆದರು: ಪ್ಯಾಕೆಟ್ ಬಿತ್ತು ಅಂದರೆ ಮುಂದೆ ನೂಕುನುಗ್ಗಲಿದೆ ಎಂದು ತಿಳಿದು ನೀನೇ ವೇಗ ಇಳಿಸು, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸು. ಎಲ್ಲರೂ ಇದನ್ನು ಪಾಲಿಸಿದ್ದರಿಂದ ಇಂಟರ್ನೆಟ್ ಉಳಿಯಿತು.

ನಮ್ಮ ಕಡೆ ಮಾತ್ರ ಈ ಊಹೆ ಕೆಲವೊಮ್ಮೆ ಅಡ್ಡ ಬೀಳುತ್ತದೆ. ಪ್ಯಾಕೆಟ್ ಬಿದ್ದದ್ದು ಮಳೆಯ ದೆಸೆಯಿಂದ. ಟಿಸಿಪಿ ಮಾತ್ರ ಜನಸಂದಣಿ ಎಂದು ತಿಳಿದು, ಖಾಲಿ ರಸ್ತೆಯಲ್ಲೂ ನಿಧಾನಕ್ಕೆ ಹೋಗುತ್ತದೆ. ಇಲ್ಲಿ ಮಳೆಯನ್ನು ಬೈಯುವವರಿಗೂ ಒಂದು ಮಾತು. ಫೋನಿನ 4ಜಿ ತರಂಗಕ್ಕೆ ಮಳೆಹನಿ ಅಂಥ ತೊಡಕಲ್ಲ, ನೆನೆದ ಮರಗಳು ಅದಕ್ಕಿಂತ ಹೆಚ್ಚು ಕಾಡುತ್ತವೆ. ಜೋರು ಮಳೆಗೆ ಸಿಕ್ಕಿಬೀಳುವುದು ಟವರಿನಿಂದ ಟವರಿಗೆ ಹಾಯುವ, 10 ಗಿಗಾಹರ್ಟ್ಸ್ ಮೇಲಿನ ಮೈಕ್ರೋವೇವ್ ಕೊಂಡಿ. ಫೋನಿಗೂ ಟವರಿಗೂ ನಡುವೆ ಬಿದ್ದದ್ದನ್ನು 4ಜಿ ತಾನೇ ಅಲ್ಲಲ್ಲೇ ಮತ್ತೆ ಕಳಿಸಿ ಮುಚ್ಚಿಹಾಕುತ್ತದೆ. ಹಾಗಾಗಿ ಪಿಂಗ್‌ನಲ್ಲಿ ಅಂಕೆ ತಪ್ಪುವ ಬದಲು ಮಿಲಿಸೆಕೆಂಡ್ ಏರಿ ಇಳಿದು ಕುಣಿಯುತ್ತದೆ. ಪರದೆ ನೋಡಿಯೇ ಫೈಬರೋ ಟವರೋ ಹೇಳುವುದು ನಮ್ಮ ಹವ್ಯಾಸದ ಮೊದಲ ಪಾಠ.

ಎರಡನೆಯ ಪಾಠ ಸಿಗುವುದು ಲೈನ್ ಹೋದಾಗ. ಉತ್ತರ ಬಾರದಿದ್ದರೆ ಲಿನಕ್ಸ್ ಕಂಪ್ಯೂಟರು 0.2 ಸೆಕೆಂಡಿಗೆ ಮತ್ತೆ ಕಳಿಸಿ ನೋಡುತ್ತದೆ, ಆಮೇಲೆ 0.4, 0.8, ಹೀಗೆ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತ 120 ಸೆಕೆಂಡಿಗೆ ನಿಲ್ಲುತ್ತದೆ. ತಾನಾಗಿ ಕೈಚೆಲ್ಲುವುದು ಸುಮಾರು 15 ನಿಮಿಷ ಕಳೆದ ಮೇಲೆ. ಹತ್ತು ನಿಮಿಷ ಹೋದ ಲೈನ್ ಬಂದರೂ ಫೈಲು ಅಲ್ಲಾಡದೆ ಕೂತಿರುವುದು ಇದೇ ಕಾರಣಕ್ಕೆ: ಕಳಿಸುವವನು ಎರಡು ನಿಮಿಷದ ನಿದ್ದೆಯಲ್ಲಿರುತ್ತಾನೆ. "ನೆಟ್ ಬಂತಲ್ಲ ಮಾರಾಯ್ರೆ, ಮತ್ತೆಂತಕ್ಕೆ ಹೋಗ್ತಿಲ್ಲ?" ಎಂದು ಕ್ಯಾನ್ಸಲ್ ಒತ್ತಿದರೆ ಹೋದಷ್ಟೂ ನಷ್ಟ. ಕೈಕಟ್ಟಿ ಕೂತಿರಿ.

ಮೋಡೆಮ್ಮೇ ಆರಿದರೆ ಕಥೆ ಬೇರೆ. ಮತ್ತೆ ಹೊತ್ತಿಕೊಂಡಾಗ ಬಹುಪಾಲು ಹೊಸ ವಿಳಾಸ ಸಿಗುತ್ತದೆ. ಎರಡು ತುದಿಯ ವಿಳಾಸ ಹಿಡಿದೇ ಸಂಪರ್ಕ ಗುರುತಿಸುವ ಟಿಸಿಪಿಗೆ ಹಳೆಯ ನಂಟು ಕಡಿಯುತ್ತದೆ. 2021ರ ಮೇನಲ್ಲಿ ಅಧಿಕೃತವಾದ ಕ್ವಿಕ್ ಎಂಬ ಹೊಸ ವಿಧಾನ ವಿಳಾಸದ ಬದಲು ಪ್ರತ್ಯೇಕ ಗುರುತುಸಂಖ್ಯೆ ಇಟ್ಟುಕೊಂಡು ಇದನ್ನೂ ದಾಟುತ್ತದೆ. ಅದೇ ವರ್ಷ ನಮ್ಮ ಜಿಲ್ಲೆಯ ಮಲೆನಾಡಿನ ಹಳ್ಳಿಗಳವರು "ನೋ ನೆಟ್‌ವರ್ಕ್, ನೋ ವೋಟಿಂಗ್" ಎಂದು ಹೊರಟಿದ್ದರು. ಸಿಗ್ನಲ್ಲೇ ಇಲ್ಲದ ಗುಡ್ಡದ ಸಂದಿಗೆ ಟಿಸಿಪಿಯೂ ಇಲ್ಲ, ಕ್ವಿಕ್ಕೂ ಇಲ್ಲ. ಅಲ್ಲಿಗೆ ಬೇಕಾದ್ದು ಟವರು, ಅದಕ್ಕೊಂದು ಸರಿಯಾದ ಬ್ಯಾಟರಿ.

ಫೈಬರ್ ಬಂದಿರುವ ಅದೃಷ್ಟವಂತರಿಗೆ ಒಂದು ಸಲಹೆ. ಎಕ್ಸ್‌ಚೇಂಜಿನಿಂದ ಮನೆಗೆ ಬರುವ ಫೈಬರನ್ನು ಹಂಚುವ ಪೆಟ್ಟಿಗೆಗಳಿಗೆ ವಿದ್ಯುತ್ ಬೇಡ, ಅದು ಬರಿ ಗಾಜಿನ ಕೆಲಸ. ಊರೆಲ್ಲ ಕತ್ತಲಾದರೂ ಎಕ್ಸ್‌ಚೇಂಜಿನ ಬ್ಯಾಟರಿ ಇರುವ ತನಕ ಬೆಳಕು ನಿಮ್ಮ ಗೋಡೆಯವರೆಗೆ ಬಂದೇ ಇರುತ್ತದೆ. ಮೋಡೆಮ್ಮಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಸಿಕ್ಕಿಸಿ. ವಿಳಾಸ ಬದಲಾಗುವುದಿಲ್ಲ, ಅರ್ಧ ಹೋದ ಫೈಲು ಮತ್ತೆ ಮೊದಲಿಂದ ಶುರುವಾಗುವುದೂ ಇಲ್ಲ. ಕೊಳ್ಳುವಾಗ ಮೋಡೆಮ್ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಂಡು ಹೋಗಿ. ಪಿನ್ನಿನ ದಪ್ಪ ಹೊಂದದೆ ವಾಪಸ್ ಬರುವವರೇ ಹೆಚ್ಚು.