ಅಪರೂಪ ಆಗ್ಬಿಟ್ರಿ

ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸುತ್ತಲ ಹಳ್ಳಿಗಳವರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ದಿಕ್ಕಿಗೊಬ್ಬರಾಗಿ ಹೋದ ನೆಂಟರು ಅಲ್ಲಿ ಎದುರಾದರೆ, ಮಳೆ ಬೆಳೆ ವಿಚಾರಿಸುವ ಮೊದಲೇ ಬಾಯಿಗೆ ಬರುವ ಮಾತೊಂದಿದೆ: ‘ಏನ್ ಭಾವ, ಬಾಳ ಅಪರೂಪ ಆಗ್ಬಿಟ್ರಿ!’

ಈ ಮಾತನ್ನು ಇಂಗ್ಲಿಷಿನ ‘ರೇರ್’ ಹಾಕಿ ಹೇಳಲು ಹೊರಟರೆ ಕೈಗೆ ಲೆಕ್ಕ ಮಾತ್ರ ಸಿಗುತ್ತದೆ. ವರ್ಷಕ್ಕೆ ಎಷ್ಟು ಸಲ ಬಂದರು, ಎಷ್ಟು ಸಲ ಬರಲಿಲ್ಲ, ಅಷ್ಟೆ. ಕನ್ನಡದ ಮಾತಿನಲ್ಲಿ ಲೆಕ್ಕದ ಜೊತೆಗೆ ಆಕ್ಷೇಪಣೆಯಿದೆ, ಆಕ್ಷೇಪಣೆಯ ಬೆನ್ನಿಗೇ ಅಕ್ಕರೆಯಿದೆ. ಆ ‘ಬಿಟ್ರಿ’ಯನ್ನು ಕಿವಿಗೊಟ್ಟು ಕೇಳಬೇಕು. ‘ಅಪರೂಪ ಆದ್ರಿ’ ಅಂದರೆ ಸುದ್ದಿ. ‘ಆಗ್ಬಿಟ್ರಿ’ ಅಂದರೆ ನಮ್ಮನ್ನು ಮರೆತಿರಲ್ಲ ಎಂಬ ನೋವು. ಬೇಡವಾದವರನ್ನು ಯಾರೂ ಹೀಗೆ ಮಾತಾಡಿಸುವುದಿಲ್ಲ. ‘ಅಪರೂಪಕ್ಕೆ ಬಂದಿದ್ದೀರ, ಉಂಡೇ ಹೋಗ್ಬೇಕು’ ಎನ್ನುವಾಗ ಅದೇ ಪದ ಎಲೆ ಹಾಕಿ ಕೂರಿಸುತ್ತದೆ.

ಸಂಸ್ಕೃತದಲ್ಲಿ ‘ಅಪರೂಪ’ಕ್ಕೆ ರೂಪಗೆಟ್ಟದ್ದು, ವಿಕಾರವಾದದ್ದು ಎಂಬ ಅರ್ಥವಿದೆ. ಬಂಗಾಳಿಯಲ್ಲಿ ಅದು ಕಣ್ಣು ಕೀಳಲಾಗದ ಚೆಲುವು. ನಮ್ಮಲ್ಲಿ, ಸಿಗುವುದು ಕಷ್ಟ, ಸಿಕ್ಕರೆ ಸಂತೋಷ. ಮೂರರಲ್ಲಿ ನನಗೆ ನಮ್ಮದೇ ಹೆಚ್ಚು ಇಷ್ಟ.

‘ರೇರ್’ನ ಮೂಲ ಲ್ಯಾಟಿನ್ನಿನ ‘ರಾರುಸ್’. ನಡುನಡುವೆ ಎಡೆ ಬಿಟ್ಟದ್ದು, ತೆಳುವಾದದ್ದು ಎಂದರ್ಥ. ಅದಕ್ಕೆ ಸರಿಜೋಡಿ ನಮ್ಮ ‘ವಿರಳ’. ವಿರಳವಾದ ಕೂದಲು, ವಿರಳವಾದ ಗಿಡಮರ ಎನ್ನುವಾಗ ಆ ಎಡೆ ಕಣ್ಣಿಗೇ ಕಾಣುತ್ತದೆ. ‘ಅವಿರಳ’ ಎಂದರೆ ಎಡೆಯೇ ಇಲ್ಲ. ‘ದುರ್ಲಭ’ದಲ್ಲಿ ಹುಡುಕಿದವರ ದಣಿವಿದೆ. ‘ಅಪೂರ್ವ’ ಹಿಂದೆಂದೂ ಕಾಣದ್ದು. ಇಂಗ್ಲಿಷಿನಲ್ಲಿ ಒಂದೇ ಪದ ಮಾಡುವ ಕೆಲಸಕ್ಕೆ ನಮ್ಮಲ್ಲಿ ಇಷ್ಟು ಮಂದಿ ಇದ್ದಾರೆ. ಸಾಲದಿದ್ದರೆ ‘ಅಮಾಸೆಗೊಂದ್ಸಲ ಹುಣ್ಣಿಮೆಗೊಂದ್ಸಲ’ ಇದ್ದೇ ಇದೆ.

ಆದ್ದರಿಂದಲೇ ‘ಅಪರೂಪದ ಕಾಯಿಲೆ’ ಎಂದು ಓದಿದಾಗ ನನಗೆ ಕಸಿವಿಸಿ. ಕಾಯಿಲೆ ವಿರಳವಾಗಿರಲಿ, ಅದನ್ನು ಅಪರೂಪದ್ದೆಂದು ಯಾಕೆ ಬರಮಾಡಿಕೊಳ್ಳಬೇಕು? 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮರಣದಂಡನೆ ‘ರೇರೆಸ್ಟ್ ಆಫ್ ರೇರ್’ ಪ್ರಕರಣಗಳಿಗೆ ಮಾತ್ರ ಇರಲಿ ಎಂದಿತು. ನಮ್ಮ ಪತ್ರಿಕೆಗಳಲ್ಲಿ ಅದು ‘ಅಪರೂಪದಲ್ಲಿ ಅಪರೂಪ’ ಆಗಿದೆ. ನೆಂಟರನ್ನು ಕರೆಯುವ ಪದ ನೇಣಿನ ಪಕ್ಕ ನಿಂತದ್ದು ನೋಡಿ ಪ್ರತಿ ಸಲವೂ ಮನಸ್ಸು ಮುದುಡುತ್ತದೆ. ಅಲ್ಲಿ ‘ವಿರಳಾತಿವಿರಳ’ವೇ ತಕ್ಕದ್ದು.

‘ಅಪರೂಪ’ ತನ್ನ ಪೂರ್ತಿ ಹೊಳಪಿನಲ್ಲಿ ಕಾಣಬೇಕಾದರೆ ಮತ್ತೆ ಅಂತರಘಟ್ಟೆಯ ಸೀಮೆಗೇ ಬರಬೇಕು. ಹತ್ತಿರದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’ಯ ದನಗಳಿಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ತುದಿಗೆ ಚೂಪಾದ ಉದ್ದನೆಯ ಕೊಂಬು, ನಿಂತಲ್ಲಿ ನಿಲ್ಲದ ಕಾಲು. ಟ್ರ್ಯಾಕ್ಟರು ಬಂದ ಮೇಲೆ ಅಂಥ ಎತ್ತು ಕಟ್ಟುವವರು ಕಡಿಮೆಯಾದರು. ಇನ್ನೂ ಕಟ್ಟಿರುವವರ ಗಾಡಿ ಜಾತ್ರೆಯ ದಾರಿಯಲ್ಲಿ ಸಾಗಿದರೆ, ನೋಡಿದ ರೈತ ‘ಅಪರೂಪದ ಜೋಡಿ’ ಅನ್ನುತ್ತಾನೆ. ಕಡಿಮೆಯಾಯಿತೆಂಬ ಕೊರಗು, ಇನ್ನೂ ಇದೆಯೆಂಬ ಹಿಗ್ಗು, ಎರಡೂ ಆ ಒಂದೇ ಉಸಿರಿನಲ್ಲಿವೆ.

ಮುಂದಿನ ಜಾತ್ರೆಯಲ್ಲಿ ಯಾರಾದರೂ ‘ಅಪರೂಪ ಆಗ್ಬಿಟ್ರಿ’ ಅಂದರೆ ಕೆಲಸದ ನೆಪ ಹೇಳಬೇಡಿ. ಒಂದು ಲೋಟ ಪಾನಕ ಕುಡಿಯುವಷ್ಟು ಹೊತ್ತಾದರೂ ಅವರ ಗಾಡಿಯ ನೆರಳಲ್ಲಿ ಕೂತು ಬನ್ನಿ.